ನೀರು ಕೇಳಿದ ಹುಡುಗಿ

ತರಗತಿಯಿಂದ ಹೊರಗೆ ಹೋಗಲು ಮಕ್ಕಳು ಹೂಡುವ ನೆಪಗಳ ಮೇಲೆ ಯಾರಾದರೂ ಪಿಎಚ್.ಡಿ. ಮಾಡುವುದಿದ್ದರೆ ಮೊದಲು ನನ್ನನ್ನು ಬಂದು ಕಾಣಬೇಕು. ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಹೇಳುತ್ತಾ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಹೊಟ್ಟೆನೋವು, ಮೂಗಿನಲ್ಲಿ ರಕ್ತ, ಪೆನ್ನಿಗೆ ರೀಫಿಲ್ಲು, ಗೇಟಿನ ಹತ್ತಿರ ಮಾವ ಬಂದಿದ್ದಾರೆ ಎನ್ನುವುದು, ಇವೆಲ್ಲ ನನಗೆ ಬಾಯಿಪಾಠ. ಊಟದ ಬಿಡುವಿನ ಮುಂಚಿನ ಪಿರಿಯಡ್ಡಿನಲ್ಲಿ ಬರುವ ಬಾಯಾರಿಕೆ ಬೇರೆ, ಗಣಿತದ ಪಿರಿಯಡ್ಡಿನಲ್ಲಿ ಬರುವ ಬಾಯಾರಿಕೆಯೇ ಬೇರೆ. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಎಂಬ ಜಂಬವೂ ನನಗಿತ್ತು. ಸ್ಟಾಫ್ ರೂಮಿನಲ್ಲಿ ಹೊಸ ಮೇಷ್ಟರುಗಳಿಗೆ ಈ ವಿಷಯದಲ್ಲಿ ಉಪದೇಶವನ್ನೂ ಮಾಡುತ್ತಿದ್ದೆ.

ಆ ಜಂಬ ಇಳಿದದ್ದು 2017ರ ಆಗಸ್ಟಿನಲ್ಲಿ.

ಹುಡುಗಿಯ ನಿಜವಾದ ಹೆಸರು ಇಲ್ಲಿ ಬೇಡ. ಚೈತ್ರ ಎಂದಿಟ್ಟುಕೊಳ್ಳಿ. ಎಂಟನೆಯ ತರಗತಿ, ಎರಡನೆಯ ಬೆಂಚು, ಕಿಟಕಿಯ ಪಕ್ಕ. ತಂದೆ ಮಂಡಿಯಲ್ಲಿ ಹಮಾಲಿ, ತಾಯಿ ಮನೆಯಲ್ಲೇ ರವಿಕೆ ಹೊಲಿಯುವವರು. ಜುಲೈ ಕೊನೆಯಿಂದ ಆ ಹುಡುಗಿ ಪಿರಿಯಡ್ಡಿಗೊಮ್ಮೆ ಏಳತೊಡಗಿದಳು. "ಮಿಸ್, ನೀರು ತುಂಬಿಸ್ಕೊಂಡು ಬರ್ಲಾ?" ಅದಾಗಿ ಹದಿನೈದು ನಿಮಿಷಕ್ಕೆ, "ಮಿಸ್, ಹೊರಗೆ ಹೋಗಿ ಬರ್ಲಾ?" ಒಂದು ಲೀಟರಿನ ಬಾಟಲಿ ಎರಡು ಪಿರಿಯಡ್ಡಿಗೆ ಖಾಲಿ. ಮಳೆ ಹಿಡಿದಿದ್ದ ದಿನಗಳು ಬೇರೆ. ಉಳಿದ ಮಕ್ಕಳು ನೀರು ಮುಟ್ಟುತ್ತಿರಲಿಲ್ಲ. ಒಂದು ದಿನ ನಾನು ಕದಂಬರ ಪಾಠದ ನಡುವೆ ಇದ್ದಾಗ ಮೂರನೆಯ ಸಲ ಎದ್ದು ನಿಂತಳು. ನಾನು ಸೀಮೆಸುಣ್ಣ ಕೆಳಗಿಟ್ಟು, "ಏನೇ, ಹೊಟ್ಟೆಯೊಳಗೆ ಕೆರೆ ಕಟ್ಟಿಸ್ತಾ ಇದೀಯಾ? ತೂಬು ಬೇರೆ ಇಡ್ಸಿದೀಯಾ?" ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ನನಗೂ ನನ್ನ ಮಾತು ಚೆನ್ನಾಗಿಯೇ ಇದೆ ಅನ್ನಿಸಿತು. ಚೈತ್ರ ಕುಳಿತುಬಿಟ್ಟಳು. ಮರುದಿನದಿಂದ ಅವಳು ಏಳಲಿಲ್ಲ. ಕೇಳದೇ ಇರಲು ಅವಳು ಎಷ್ಟು ಕಷ್ಟಪಟ್ಟಿರಬೇಕು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ ಶಿಸ್ತು ಬಂತು ಎಂದುಕೊಂಡೆ.

ನೋಡಿದ್ದು ಅಷ್ಟೇ ಅಲ್ಲ. ಅವಳ ಲಂಗದ ಸೊಂಟಕ್ಕೆ ಪಿನ್ನು ಬಂದಿತ್ತು. ಜೂನಿನಲ್ಲಿ ಅಳತೆಗೆ ಸರಿಯಾಗಿದ್ದ ಸಮವಸ್ತ್ರ ಅದು. ಬೆಳೆಯುವ ಹುಡುಗಿಯೆಂದು ತಾಯಿ ದೊಡ್ಡದಾಗಿ ಬಿಚ್ಚಿ ಹೊಲಿದಿರಬೇಕು ಎಂದು ನಾನೇ ಕಾರಣ ಕಟ್ಟಿಕೊಂಡೆ. ಶಾಲಾ ಆರೋಗ್ಯ ಕಾರ್ಡಿನಲ್ಲಿ ಜೂನಿನ ತೂಕ 36 ಕಿಲೋ ಎಂದು ಬರೆದವಳೂ ನಾನೇ. ಆ ಅಕ್ಷರ ನನ್ನದು.

ಎರಡು ದಿನ ರಜೆ ಹಾಕಿ, ಮೂರನೆಯ ದಿನ ಕಿರುಪರೀಕ್ಷೆ ಇದೆ ಎಂದು ಬಂದಳು. ಹನ್ನೊಂದೂವರೆಗೆ ವಾಂತಿ ಮಾಡಿಕೊಂಡಳು. ಹೊಟ್ಟೆನೋವು ಎಂದು ಮುದುರಿಕೊಂಡು ಕೂತವಳು ಓಡಿ ಬಂದವರ ಹಾಗೆ ಉದ್ದುದ್ದ ಉಸಿರು ಎಳೆಯುತ್ತಿದ್ದಳು. ಅವಳನ್ನು ಹಿಡಿದುಕೊಳ್ಳಲು ಬಾಗಿದಾಗ ಅವಳ ಬಾಯಿಂದ ಒಂದು ವಾಸನೆ ಬಂತು. ಹಣ್ಣು ಮೀರಿ ಕಳಿತಾಗ ಬರುವಂಥದು, ಅದರ ಜೊತೆಗೆ ಉಗುರುಬಣ್ಣ ಒರೆಸುವ ದ್ರವದ ಘಾಟು. ನಾನು ಮಾಡಿದ್ದೇನು ಗೊತ್ತೇ? ಅವಳ ಕೈ ಎತ್ತಿ ಉಗುರು ನೋಡಿದೆ! ಶಾಲೆಗೆ ಬಣ್ಣ ಹಚ್ಚಿಕೊಂಡು ಬಂದು ಅಳಿಸಿರಬೇಕು ಎಂದು. ಉಗುರುಗಳು ಬಿಳಿಚಿಕೊಂಡಿದ್ದವು.

ತಾಯಿಯನ್ನು ಕರೆಸಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಹೊಟ್ಟೆಯ ಸೋಂಕು, ನೀರು ಕಮ್ಮಿಯಾಗಿದೆ, ಮಳೆಗಾಲದಲ್ಲಿ ಎಲ್ಲರಿಗೂ ಹೀಗೇ ಎಂದರು. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು ಗ್ಲೂಕೋಸ್ ಡ್ರಿಪ್ ಹಾಕಿದರು. ನಮ್ಮ ಊರುಗಳಲ್ಲಿ ಗ್ಲೂಕೋಸ್ ಹಾಕಿಸಿದರು ಎಂದರೆ ಚಿಕಿತ್ಸೆಯೇ ಆಯಿತು ಎಂದರ್ಥ. ನಾನೂ ನಿರಾಳವಾಗಿ ಶಾಲೆಗೆ ವಾಪಸು ಬಂದು ಉತ್ತರ ಪತ್ರಿಕೆ ತಿದ್ದಿದೆ. ಆ ಡಾಕ್ಟರನ್ನು ದೂರಲು ನನಗೆ ಬಾಯಿಲ್ಲ. ಅವರು ನೋಡಿದ್ದು ಅರ್ಧ ಗಂಟೆ. ನಾನು ಮೂರು ವಾರ ನೋಡಿದ್ದೆ, ಆದರೆ ನೀರಿನ ವಿಷಯ ಅವರಿಗೆ ಹೇಳಲೇ ಇಲ್ಲ.

ಸಂಜೆ ಐದಕ್ಕೆ ಮನೆಗೆ ಹೋಗುವಾಗ ಇಣುಕಿದೆ. ತಾಯಿ, "ಮಲಗಿದಾಳೆ ಮೇಡಮ್ಮ, ಎಬ್ಬಿಸಿದ್ರೂ ಏಳ್ತಾ ಇಲ್ಲ" ಎಂದರು. ಕರೆದರೆ ಹ್ಞೂಂ ಎನ್ನುತ್ತಾಳೆ, ಕಣ್ಣು ಬಿಡುವುದಿಲ್ಲ. ಉಸಿರು ಬೆಳಿಗ್ಗೆಗಿಂತ ಜೋರು. ನಾಲಿಗೆ ಒಣಗಿದ ಎಲೆಯ ಹಾಗಾಗಿತ್ತು. ಡ್ರಿಪ್ಪಿನ ಸಮೇತ ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿ ಕೆಲಸಕ್ಕೆ ಹೊಸದಾಗಿ ಬಂದಿದ್ದ ಹುಡುಗಿಯಂಥ ಲೇಡಿ ಡಾಕ್ಟರು. ಬಾಗಿಲಲ್ಲೇ ಉಸಿರು ನೋಡಿದವರು ಬೇರೇನೂ ಕೇಳದೆ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರು. ಪುಟ್ಟ ಯಂತ್ರದಲ್ಲಿ ಅಂಕಿ ಬರಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ಬಂದವು: ಎಚ್, ಐ. ತಾಯಿ ನನ್ನ ಮುಖ ನೋಡಿದರು. ನಾನು, ಬಿ.ಎ., ಬಿ.ಎಡ್., ಅದನ್ನು 'ಹಾಯ್' ಎಂದು ಓದಿಕೊಂಡೆ! ಯಂತ್ರ ಅಳೆಯಬಲ್ಲ ಮಿತಿಯನ್ನು, ಅಂದರೆ 600ನ್ನು, ರಕ್ತದ ಸಕ್ಕರೆ ದಾಟಿದಾಗ ಅದು ಹಾಗೆ ತೋರಿಸುತ್ತದಂತೆ.

"ಈಚೆಗೆ ತುಂಬಾ ನೀರು ಕುಡೀತಿದ್ಲಾ?" ಎಂದು ಡಾಕ್ಟರು ಕೇಳಿದರು. ಉತ್ತರ ಹೇಳಬೇಕಾದವಳು ನಾನು.

ಗ್ಲೂಕೋಸ್ ಬಾಟಲಿ ಕಿತ್ತು ಸಾದಾ ಸಲೈನ್ ಹಾಕಿದರು. ಮೂತ್ರಕ್ಕೆ ಅದ್ದಿದ ಪಟ್ಟಿ ಕಡು ನೇರಳೆಗೆ ತಿರುಗಿತು. ಕಾಯಿಲೆಯ ಹೆಸರು ಡಯಾಬಿಟಿಕ್ ಕೀಟೋ ಅಸಿಡೋಸಿಸ್, ಡಾಕ್ಟರುಗಳ ಬಾಯಲ್ಲಿ ಡಿ.ಕೆ.ಎ. ಸಕ್ಕರೆ ಕಾಯಿಲೆ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಮನೆಯವರದು: ಐವತ್ತು ದಾಟಿದ ಮೇಲೆ ಬರುವುದು, ಮಾತ್ರೆ ನುಂಗಿ, ಮದುವೆಮನೆಯಲ್ಲಿ ಕದ್ದು ಜಿಲೇಬಿ ತಿಂದು, ಹೆಂಡತಿಯ ಕೈಲಿ ಬೈಸಿಕೊಳ್ಳುವುದು. ಮಕ್ಕಳಿಗೆ ಬರುವುದು ಬಹುಮಟ್ಟಿಗೆ ಬೇರೆ ಜಾತಿಯದು, ಟೈಪ್ ಒಂದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ಕಾವಲು ಪಡೆಯೇ ಶತ್ರುವೆಂದು ತಿಳಿದು ನಾಶ ಮಾಡುತ್ತದೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆಯಿದ್ದರೂ ಜೀವಕೋಶದೊಳಕ್ಕೆ ಹೋಗುವುದಿಲ್ಲ. ಕಣಜ ತುಂಬಿದ್ದೂ ಬೀಗದ ಕೈ ಕಳೆದ ಮನೆಯ ಹಾಗೆ. ಮೂತ್ರಪಿಂಡ ಆ ಸಕ್ಕರೆಯನ್ನು ಹೊರಹಾಕಲು ಮೈಯ ನೀರನ್ನೆಲ್ಲ ಸೆಳೆಯುತ್ತದೆ. ಅದಕ್ಕೇ ಆ ಬಾಯಾರಿಕೆ, ಅದಕ್ಕೇ ಆ ಓಡಾಟ. ಹಸಿದ ದೇಹ ತನ್ನ ಕೊಬ್ಬನ್ನೇ ಕರಗಿಸಿ ಉರಿಸುತ್ತದೆ. ಆಗ ಹುಟ್ಟುವ ಕೀಟೋನುಗಳು ರಕ್ತವನ್ನು ಹುಳಿಯಾಗಿಸುತ್ತವೆ. ಆ ಹುಳಿಯನ್ನು ಉಸಿರಿನ ಮೂಲಕವಾದರೂ ಹೊರದೂಡಲು ಶ್ವಾಸಕೋಶ ಹೆಣಗುತ್ತದೆ. ಆ ಉಸಿರಾಟವನ್ನು 1874ರಲ್ಲೇ ಜರ್ಮನಿಯ ಡಾಕ್ಟರ್ ಕುಸ್ಮೌಲ್ ವರ್ಣಿಸಿ ಬರೆದಿದ್ದರಂತೆ. ನಾನು ಉಗುರಿನಲ್ಲಿ ಹುಡುಕಿದ ವಾಸನೆ ಕೀಟೋನಿನದು. ಉಗುರುಬಣ್ಣ ತೆಗೆಯುವ ಅಸಿಟೋನೂ ಅದೇ ಕುಲದ್ದು.

108ಕ್ಕೆ ಫೋನು ಮಾಡಿ, ಜಿಲ್ಲಾ ಕೇಂದ್ರದ ದೊಡ್ಡಾಸ್ಪತ್ರೆಗೂ ತಿಳಿಸಿ, ಡಾಕ್ಟರು ನಮ್ಮನ್ನು ಕಳಿಸಿದರು. ತಂದೆ ಲಾರಿಯ ಜೊತೆ ಪರಊರಿಗೆ ಹೋಗಿದ್ದರು. ತಾಯಿಯೊಬ್ಬರನ್ನೇ ಬಿಡಲಾರದೆ ನಾನೂ ಹತ್ತಿದೆ. ಹತ್ತುವ ಮುಂಚೆ ನನ್ನ ಅವಸರಬುದ್ಧಿ ಬಿಡಲಿಲ್ಲ. "ಡಾಕ್ಟರೇ, ಸಕ್ಕರೆ ಅಷ್ಟಿದೆಯಲ್ಲ, ಇನ್ಸುಲಿನ್ ಈಗಲೇ ಒಂದು ಚುಚ್ಚಿಬಿಡಬಾರದೇ?" ಎಂದೆ. ಅವರು, "ಮೊದಲು ನೀರು, ಮೇಡಂ. ಇನ್ಸುಲಿನ್ ಆಮೇಲೆ. ಗಡಿಬಿಡಿ ಮಾಡಿದರೆ ಮಿದುಳಿಗೆ ಕಷ್ಟ" ಎಂದರು.

ಆ ಮಾತಿನ ಅರ್ಥ ಆ ರಾತ್ರಿಯಿಡೀ ಕಣ್ಣಮುಂದೆ ಬಿಚ್ಚಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ತೂಕ ನೋಡಿದರು: 30 ಕಿಲೋ. ನನ್ನ ಅಕ್ಷರದ 36 ನೆನಪಾಯಿತು. ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರಬೇಕಾದದ್ದು 7.08ಕ್ಕೆ ಇಳಿದಿತ್ತು. 7.1ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ಸ್ಥಿತಿ. ಚಿಕಿತ್ಸೆಯೆಲ್ಲ ತೂಕದ ಲೆಕ್ಕ. ಕಿಲೋಗೆ 10 ಮಿಲಿಲೀಟರಿನಂತೆ ಮೊದಲ ಗಂಟೆಯ ಸಲೈನು 300. ಅದು ದಾರಿಯಲ್ಲೇ ಹೋಗಿತ್ತು. ಅದಾದ ಮೇಲೆ ಇನ್ಸುಲಿನ್, ಕಿಲೋಗೆ ಗಂಟೆಗೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ಅಂದರೆ ನಮ್ಮ ಚೈತ್ರಳಿಗೆ ಗಂಟೆಗೆ 3 ಯೂನಿಟ್ಟು, ಅದೂ ಸಿರಿಂಜಿನಿಂದ ಒಮ್ಮೆಗೇ ಅಲ್ಲ, ಪಂಪಿನ ಮೂಲಕ ಹನಿ ಹನಿಯಾಗಿ. ಉಳಿದ ನೀರಿನ ಕೊರತೆ ತುಂಬುವುದೂ ಒಂದೆರಡು ದಿನದ ಮೇಲೆ ಹರಡಿದ ಕೆಲಸ. ಪೊಟ್ಯಾಸಿಯಂ ಎಂಬ ಲವಣವನ್ನು ಡ್ರಿಪ್ಪಿಗೆ ಸೇರಿಸಿದರು. ಮೈಯಲ್ಲಿದ್ದದ್ದೆಲ್ಲ ಮೂತ್ರದಲ್ಲಿ ಹೋಗಿರುತ್ತದೆ, ಉಳಿದದ್ದನ್ನು ಇನ್ಸುಲಿನ್ ಜೀವಕೋಶದೊಳಕ್ಕೆ ನೂಕುತ್ತದೆ, ರಕ್ತದಲ್ಲಿ ತೀರಾ ಕಡಿಮೆಯಾದರೆ ಹೃದಯ ತಾಳ ತಪ್ಪುತ್ತದೆ. ಎದೆಗೆ ಅಂಟಿಸಿದ ತಂತಿಗಳ ಪರದೆಯನ್ನು ಅವರು ಮತ್ತೆ ಮತ್ತೆ ನೋಡುತ್ತಿದ್ದದ್ದು ಇದಕ್ಕೇ. ರಕ್ತ ಹುಳಿಯಾಗಿದೆಯಲ್ಲ, ಸೋಡಾದಂಥದ್ದು ಏನಾದರೂ ಕೊಟ್ಟು ಹುಳಿ ಮುರಿಯಬಾರದೇ ಎಂದು ನಾನು ಅಡಿಗೆಮನೆಯ ಬುದ್ಧಿಯಲ್ಲಿ ಕೇಳಿದೆ. ಕೊಡುವುದಿಲ್ಲವಂತೆ, ಇನ್ಸುಲಿನ್ನೂ ನೀರೂ ಒಳಹೋದರೆ ಹುಳಿ ತಾನೇ ಇಳಿಯುತ್ತದೆ, ಸೋಡಾ ಬೈಕಾರ್ಬೊನೇಟು ಮಕ್ಕಳಿಗೆ ಕೇಡು ಮಾಡುವುದೇ ಹೆಚ್ಚು.

ಅವರೆಲ್ಲ ಹೆದರುತ್ತಿದ್ದದ್ದು ಮಿದುಳಿನ ಊತಕ್ಕೆ. ನೂರು ಮಕ್ಕಳಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಆಗುವಂಥದು, ಆದರೆ ಆದರೆ ಪ್ರಾಣಕ್ಕೇ ಬರುವಂಥದು. ಚಿಕಿತ್ಸೆ ಶುರುವಾದ ಮೇಲೆ ತಲೆನೋವು, ನಾಡಿ ನಿಧಾನವಾಗುವುದು, ಮಂಪರು ಹೆಚ್ಚುವುದು ಅದರ ಮುನ್ಸೂಚನೆ. ಅದಕ್ಕೆಂದು ಮ್ಯಾನಿಟಾಲ್ ಬಾಟಲಿಯನ್ನು ಮಂಚದ ಪಕ್ಕದಲ್ಲೇ ಇಟ್ಟಿದ್ದರು. ಗಂಟೆಗೊಮ್ಮೆ ಸಿಸ್ಟರು ಬಂದು, ಬೆರಳು ಚುಚ್ಚಿ, ಕಣ್ಣಿಗೆ ಟಾರ್ಚು ಬಿಟ್ಟು, "ಪುಟ್ಟಿ, ನಿನ್ನ ಹೆಸರೇನು? ಯಾವ ಸ್ಕೂಲು?" ಎಂದು ಕೇಳುತ್ತಿದ್ದರು. ಹನ್ನೊಂದಕ್ಕೆ ಉತ್ತರವಿಲ್ಲ. ಹನ್ನೆರಡಕ್ಕೆ ಇಲ್ಲ. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿ 'ಎಸ್ ಮಿಸ್' ಬರದಿದ್ದರೆ ಅರ್ಧ ಸೆಕೆಂಡಿನಲ್ಲಿ ಗೈರು ಎಂದು ಬರೆಯುವ ಕೈ ನನ್ನದು. ಆ ರಾತ್ರಿ ನನ್ನ ಕೈ ನಡುಗುತ್ತಿತ್ತು.

ಸಕ್ಕರೆ ಇಳಿಯುತ್ತಾ ಬಂತು. ಎರಡು ಗಂಟೆಯ ಸುಮಾರಿಗೆ 280 ಆದಾಗ ಸಿಸ್ಟರು ಒಂದು ಬಾಟಲಿ ತಂದು ಜೋಡಿಸಿದರು. ಅದರ ಮೇಲಿನ ಚೀಟಿ ಓದಿ ನಾನು ಎದ್ದು ನಿಂತೆ. ಗ್ಲೂಕೋಸು! "ಸಿಸ್ಟರ್, ಇದರಿಂದಲೇ ಬೆಳಿಗ್ಗೆ ಅನಾಹುತ ಆಗಿದ್ದು" ಎಂದು ಹೆಚ್ಚು ಕಡಿಮೆ ಅವರ ಕೈ ಹಿಡಿದೆ. ಅವರು ಸಿಟ್ಟಾಗಲಿಲ್ಲ. ಸಕ್ಕರೆ ಇಳಿದರೂ ರಕ್ತದ ಹುಳಿ ಇನ್ನೂ ಹೋಗಿರುವುದಿಲ್ಲ, ಕೀಟೋನು ಕರಗುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಇನ್ಸುಲಿನ್ ಹೋಗುತ್ತಿರುವಾಗ ಸಕ್ಕರೆ ಪಾತಾಳಕ್ಕೆ ಬೀಳದಂತೆ ಈಗ ಗ್ಲೂಕೋಸಿನ ಆಸರೆ ಬೇಕು ಎಂದು ವಿವರಿಸಿದರು. ಬೆಳಿಗ್ಗೆ ವಿಷವಾದದ್ದು ರಾತ್ರಿ ಮದ್ದು. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರಾದ ಆಕೆ ಎಷ್ಟು ಚೆನ್ನಾಗಿ ಪಾಠ ಹೇಳಿದರು!

ಆ ನಡುರಾತ್ರಿಯಲ್ಲಿ ತಾಯಿಗೆ ನಾನು ಹೇಳಿಬಿಟ್ಟೆ. ನೀರು ಕೇಳಿದ್ದಳು, ನಾನು ನಗಾಡಿದೆ, ಕೆರೆ ಕಟ್ಟಿಸ್ತಿದೀಯಾ ಎಂದೆ, ಎಲ್ಲವನ್ನೂ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೆರಗಿನ ತುದಿ ಸುತ್ತುತ್ತಾ, "ಹಾಸಿಗೆ ಒದ್ದೆ ಮಾಡ್ಕೋತಿದ್ಲು ಮೇಡಮ್ಮ, ಹದಿನೈದು ದಿನದಿಂದ. ಇಷ್ಟು ದೊಡ್ಡೋಳಾಗಿ ನಾಚಿಕೆ ಆಗಲ್ವಾ ಅಂತ ನಾನು ಸೌಟಲ್ಲಿ ಹೊಡೆದೆ" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾಲ್ಕು ಗಂಟೆಗೆ ಸಿಸ್ಟರು ಮತ್ತೆ ಹೆಸರು ಕೇಳಿದರು. ಚೈತ್ರ ತುಟಿ ಅಲ್ಲಾಡಿಸಿದಳು. ಹೆಸರು ಹೇಳಲಿಲ್ಲ. "ನೀರು" ಎಂದಳು. ನಾನು ಲೋಟಕ್ಕೆ ಕೈ ಹಾಕಿದೆ. ಇನ್ನೂ ಬಾಯಿಗೆ ಕೊಡುವಂತಿಲ್ಲ, ವಾಂತಿಯಾದರೆ ಉಸಿರಿನ ಕೊಳವೆಗೆ ಹೋಗುತ್ತದೆ ಎಂದು ತಡೆದರು. ಕೊನೆಗೆ ಅವರು ಕೊಟ್ಟ ಹತ್ತಿಯನ್ನು ಅದ್ದಿ ಅವಳ ತುಟಿಗೆ ಸವರಿದೆ. ಅವಳು ಕಣ್ಣು ಬಿಟ್ಟು ನನ್ನನ್ನು ಗುರುತಿಸಿ ಹೆದರಿದಳು. ನೀರು ಕೇಳಿದ್ದಕ್ಕೆ ಬೈಯುತ್ತಾರೆಂದು ಹೆದರಿದಳು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಒಂಬತ್ತನೆಯ ದಿನ ಮನೆಗೆ ಬಂದಳು, ಜೊತೆಗೆ ಜೀವಮಾನಕ್ಕೆ ಇನ್ಸುಲಿನ್ನೂ ಬಂತು. ನಾನು ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಇನ್ಸುಲಿನ್ ಮೊದಲ ಸಲ ಮನುಷ್ಯನಿಗೆ ಕೊಟ್ಟದ್ದು 1922ರ ಜನವರಿ 11ರಂದು, ಕೆನಡಾದ ಟೊರಾಂಟೊದಲ್ಲಿ, ಲೆನರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ. ಅವನ ತೂಕ 65 ಪೌಂಡು. ಲೆಕ್ಕ ಹಾಕಿದರೆ 30 ಕಿಲೋಗೆ ತುಸು ಕಡಿಮೆ, ನಮ್ಮ ಚೈತ್ರಳಷ್ಟೇ. ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ್ದ ಆ ಮೊದಲ ಮದ್ದು ಶುದ್ಧವಾಗಿರಲಿಲ್ಲ, ಹೆಚ್ಚು ಉಪಯೋಗವಾಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಹಗಲಿರುಳು ಕೂತು ಶುದ್ಧಮಾಡಿದ್ದನ್ನು 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ, 1935ರವರೆಗೆ ಬದುಕಿದ್ದ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ತಾಯಂದಿರು ಕೈಯಲ್ಲಿಟ್ಟುಕೊಂಡು ಕಾಯುವುದೊಂದೇ ಉಳಿದಿತ್ತು. ಪೇಟೆಂಟನ್ನು ಆ ಸಂಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಈಗ ಒಂದೊಂದು ಬಾಟಲಿಯ ಬೆಲೆ ಕೇಳಿ ಚೈತ್ರಳ ತಂದೆ ಮಂಡಿಯಲ್ಲಿ ಎಷ್ಟು ಮೂಟೆ ಹೆಚ್ಚಿಗೆ ಹೊರಬೇಕೆಂದು ಲೆಕ್ಕ ಹಾಕುವುದನ್ನು ನೋಡಿದಾಗ ಆ ಒಂದು ಡಾಲರು ನನಗೆ ನೆನಪಾಗುತ್ತದೆ.

ನನ್ನನ್ನು ಹೆಚ್ಚು ಚುಚ್ಚಿದ್ದು ಇಟಲಿಯ ಪಾರ್ಮಾದ ಕಥೆ. ಆ ಪ್ರಾಂತ್ಯದಲ್ಲಿ 1991ರ ಸುಮಾರಿಗೆ ಶಾಲೆಗಳಲ್ಲಿ ಒಂದು ಭಿತ್ತಿಪತ್ರ ಹಚ್ಚಿದರು: ನಿಮ್ಮ ಮಗು ವಿಪರೀತ ನೀರು ಕುಡಿಯುತ್ತಿದೆಯೇ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆಯೇ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆಯೇ ಎಂದು ಕೇಳುವ ಅರ್ಥದ್ದು. ಅಲ್ಲಿನ ಮಕ್ಕಳ ವೈದ್ಯರಿಗೂ ತಿಳಿವಳಿಕೆ ಕೊಟ್ಟರು. ಅದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದ ಮಕ್ಕಳಲ್ಲಿ 100ಕ್ಕೆ 78 ಮಂದಿ ಡಿ.ಕೆ.ಎ. ಆದ ಮೇಲೆಯೇ ಆಸ್ಪತ್ರೆ ಸೇರುತ್ತಿದ್ದರು. 1997ರ ಹೊತ್ತಿಗೆ ಅದು 12.5ಕ್ಕೆ ಇಳಿದಿತ್ತು. ಅಲ್ಲಿ ಮೇಷ್ಟರುಗಳು ಗೋಡೆಗೆ ಕಾಗದ ಅಂಟಿಸುತ್ತಿದ್ದ ಕಾಲದಲ್ಲಿ ನಾನು ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದೆ.

ನಮ್ಮ ಶಾಲೆಯ ನೀರಿನ ಟ್ಯಾಂಕಿನ ಮೇಲೂ ಒಂದು ಡ್ರಾಯಿಂಗ್ ಹಾಳೆ ಹಚ್ಚಿದೆ. ಮುಖ್ಯೋಪಾಧ್ಯಾಯರು, "ಏನ್ರೀ ಮೇಡಂ, ಇನ್ಮೇಲೆ ಎಲ್ಲಾ ಮಕ್ಕಳಿಗೂ ಬಾಯಾರಿಕೆ ಶುರುವಾಗುತ್ತೆ" ಎಂದು ನಕ್ಕರು. ಆದರೂ ತೆಗೆಸಲಿಲ್ಲ.

ಮುಂದಿನದು ನೇರ ದಾರಿಯೇನಾಗಿರಲಿಲ್ಲ. ಕರೆಂಟಿಲ್ಲದ ಬೇಸಿಗೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ ಇಡುತ್ತಿದ್ದರು. ನೆಂಟರೊಬ್ಬರು ಬಂದು ಬೇರಿನ ಕಷಾಯದಲ್ಲಿ ವಾಸಿಯಾಗುತ್ತದೆ, ಸೂಜಿ ಬಿಟ್ಟುಬಿಡಿ ಎಂದಾಗ ತಾಯಿ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಹಾಗಿದ್ದೂ 2019ರಲ್ಲಿ ಒಮ್ಮೆ ಮೋಸವಾಯಿತು. ಜ್ವರ ಬಂದು ಎರಡು ದಿನ ಊಟ ಸೇರಲಿಲ್ಲ. ತಿನ್ನದೇ ಇರುವವಳಿಗೆ ಇನ್ಸುಲಿನ್ ಯಾಕೆ ಎಂದು ನಿಲ್ಲಿಸಿದರು. ಕೇಳಿದರೆ ನ್ಯಾಯವಾಗಿಯೇ ಕಾಣುತ್ತದಲ್ಲವೇ? ನನ್ನನ್ನು ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ. ಕಾಯಿಲೆ ಬಿದ್ದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚೇ ಬೇಕಾಗಬಹುದು, ಪೂರ್ತಿ ನಿಲ್ಲಿಸುವುದಂತೂ ಯಾವತ್ತೂ ಕೂಡದು. ಈ ಸಲ ಮಾತ್ರ ಹಣ್ಣಿನ ವಾಸನೆ ಬಂದ ಕೂಡಲೇ ತಾಯಿಯೇ ಪಟ್ಟಿ ಅದ್ದಿ ನೋಡಿ, ಯಾರನ್ನೂ ಕೇಳದೆ ಆಟೋ ಹತ್ತಿದರು. ಬಾಗಿಲಲ್ಲೇ, "ಡಿ.ಕೆ.ಎ. ಆಗಿರಬಹುದು, ಗ್ಲೂಕೋಸ್ ಹಾಕೋ ಮುಂಚೆ ಸಕ್ಕರೆ ನೋಡಿ" ಎಂದರಂತೆ. ಏಳನೆಯ ಕ್ಲಾಸು ಓದಿದವರು! ಎರಡನೆಯ ದಿನ ಹುಡುಗಿ ಇಡ್ಲಿ ತಿಂದಳು.

ಆ ಸಲ ಚೈತ್ರಳನ್ನು ನೋಡಲು ಹೋದಾಗ ತಾಲ್ಲೂಕು ಆಸ್ಪತ್ರೆಯ ಅದೇ ಡಾಕ್ಟರು ಸಿಕ್ಕಿ ಒಂದು ಹೊಸ ವಿಷಯ ಹೇಳಿದರು. ನೀರನ್ನು ಬೇಗ ಕೊಟ್ಟರೆ ಮಿದುಳು ಊದುತ್ತದೆ ಎಂದು ಬಹಳ ಕಾಲ ನಂಬಿದ್ದರಂತೆ. ಅಮೆರಿಕದಲ್ಲಿ 1,389 ಪ್ರಕರಣಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಗ ಕೊಟ್ಟದ್ದಕ್ಕೂ ನಿಧಾನವಾಗಿ ಕೊಟ್ಟದ್ದಕ್ಕೂ ಮಿದುಳಿನ ಮಟ್ಟಿಗೆ ವ್ಯತ್ಯಾಸವೇ ಕಾಣಲಿಲ್ಲ. "ನಾವು ಓದಿದ್ದನ್ನೂ ತಿದ್ಕೋಬೇಕಾಯ್ತು, ಮೇಡಂ" ಎಂದರು. ಕೆಂಪು ಶಾಯಿಯ ಪೆನ್ನು ನಮ್ಮ ಕಸುಬಿನವರ ಸ್ವತ್ತು ಎಂದುಕೊಂಡಿದ್ದೆ.

ಅವಳ ಎಸ್.ಎಸ್.ಎಲ್.ಸಿ. ಪರೀಕ್ಷೆ ಕೊರೋನಾದಿಂದಾಗಿ 2020ರ ಜೂನ್ 25ಕ್ಕೆ ಹೋಯಿತು. ಮೂಗಿಗೆ ಮಾಸ್ಕು, ಕಿಸೆಯಲ್ಲಿ ಸಕ್ಕರೆ ಇಳಿದರೆ ಬೇಕಾಗುವ ಗ್ಲೂಕೋಸ್ ಬಿಸ್ಕತ್ತು. ಸಿ.ಬಿ.ಎಸ್.ಇ.ಯವರು ಇಂಥ ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ತಿನಿಸು ಒಯ್ಯಲು 2017ರಲ್ಲೇ ಅನುಮತಿ ಕೊಟ್ಟಿದ್ದರು. ಅದನ್ನೂ ಡಾಕ್ಟರ ಚೀಟಿಯನ್ನೂ ಸೇರಿಸಿ ನಾನೊಂದು ಪತ್ರ ಬರೆದುಕೊಟ್ಟೆ. ಕೇಂದ್ರದವರು ಒಪ್ಪಿದರು. ನೀರಿನ ಬಾಟಲಿ ಮೇಜಿನ ಮೇಲೇ ಇತ್ತು.

ಹೋದ ಯುಗಾದಿಗೆ ಮನೆಗೆ ಬಂದಿದ್ದಳು. ಹೋಳಿಗೆ ಬಡಿಸುವಾಗ ನನ್ನ ಕೈ ತಡೆಯಿತು. ಅವಳೇ, "ಹಾಕಿ ಮಿಸ್, ಒಂದೂವರೆ" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅಡಿಗೆಮನೆಯ ಗೋಡೆಗೆ ತಿರುಗಿ ಇನ್ಸುಲಿನ್ ಚುಚ್ಚಿಕೊಂಡು ಬಂದು ಕುಳಿತಳು. ನಮ್ಮ ಮನೆಯವರು ತಮ್ಮ ಎಲೆಗೂ ಅಷ್ಟೇ ಬೀಳಬಹುದೇನೋ ಎಂದು ಆಸೆಯಿಂದ ನೋಡುತ್ತಿದ್ದರು.

ಕೆರೆಯ ಮಾತು ಅವಳಿಗೆ ನೆನಪಿದೆಯೇ ಎಂದು ನಾನು ಈ ತನಕ ಕೇಳಿಲ್ಲ.

ಈಗ ನನ್ನ ತರಗತಿಯಲ್ಲಿ ನೀರು ಎಂದರೆ ಹೋಗು ಎನ್ನುತ್ತೇನೆ. ಮಕ್ಕಳಿಗೆ ಈ ಗುಟ್ಟು ಗೊತ್ತಾಗಿದೆ. ಹೋದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದೇ ಪಿರಿಯಡ್ಡಿನಲ್ಲಿ ನಾಲ್ಕು ಸಲ ಹೋದ. ನನಗೆ ಎದೆ ಡವಡವ ಎಂದಿತು. ಅವನ ಅಮ್ಮನಿಗೆ ಫೋನು ಮಾಡಿ, ಸಂಜೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದೆ. ಸಕ್ಕರೆ 96. ಟ್ಯಾಂಕಿನ ಕಟ್ಟೆಯ ಮೇಲೆ ನಿಂತರೆ ಕಾಂಪೌಂಡಿನ ಆಚೆಯ ಮೈದಾನದ ಕ್ರಿಕೆಟ್ಟು ಕಾಣುತ್ತದಂತೆ.